ವೀಸಾ ಕ್ಯಾನ್ಸಲ್ ಆದ ಮೇಲೆ ನಾವು ಯಾರು?

ತಮ್ಮಾ, ಶಾರ್ಜಾಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ "ಅಣ್ಣ, ಇಲ್ಲಿ ಪಿಂಚಣಿ ಇಲ್ಲ, ಅರವತ್ತಕ್ಕೆ ಊರಿಗೆ ಹೋದರೆ ಏನು ಮಾಡೋದು, ಈಗಲೇ ಪ್ಲಾನ್ ಮಾಡಬೇಕಾ" ಅಂತ ಕೇಳಿದ್ದೀಯ. ನಾನು 1996ರಲ್ಲಿ ದುಬೈಯ ದೇರಾದಲ್ಲಿ ಒಂದು ಬೆಡ್‌ಸ್ಪೇಸಿಗೆ, ಅಂದರೆ ಹಂಚಿಕೊಂಡ ಕೋಣೆಯ ಒಂದು ಬಾಡಿಗೆ ಮಂಚಕ್ಕೆ, ಬಂದಾಗ ತಲೆಯಲ್ಲಿ ಇದ್ದದ್ದು ತಂಗಿಯ ಮದುವೆಯ ಸಾಲ, ಮನೆಗೆ ಒಂದು ತಾರಸಿ. ಅರವತ್ತು ಅನ್ನುವುದು ಬೇರೆ ಯಾರಿಗೋ ಬರುವ ವಯಸ್ಸು ಅಂದುಕೊಂಡಿದ್ದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತದೆ. ಮೊದಲ 5 ವರ್ಷ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು. ಆದರೆ ಅದು ಬರೇ ಬೇಸಿಕ್ ಮೇಲೆ, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ಸಂಬಳದ ಮೇಲೆ. ಕೈಗೆ 5,000 ದಿರ್ಹಮ್ ಬಂದರೂ ಬೇಸಿಕ್ 2,000 ಇದ್ದರೆ ಮೊದಲ 5 ವರ್ಷ ವರ್ಷಕ್ಕೆ 1,400 ಅಷ್ಟೇ. ಹಾಗಾಗಿ ಎನ್‌ಆರ್‌ಇ ಖಾತೆಯಲ್ಲಿ (ಹೊರದೇಶದಲ್ಲಿ ದುಡಿದ ದುಡ್ಡಿಗೆ ಊರಿನ ಬ್ಯಾಂಕಿನಲ್ಲಿ ತೆರೆಯುವ ಖಾತೆ) ತಿಂಗಳು ತಿಂಗಳು ಹಾಕುತ್ತಾ ಹೋಗು. ಇಲ್ಲೇ ದೀರ್ಘಕಾಲ ಉಳಿಯಲು ಗೋಲ್ಡನ್ ವೀಸಾ ಇದೆಯಲ್ಲ ಅನ್ನಬೇಡ. ಮನೆ ಕೊಂಡು ಅದನ್ನು ಪಡೆಯಬೇಕಾದರೆ ಆಸ್ತಿಯ ಬೆಲೆ 20 ಲಕ್ಷ ದಿರ್ಹಮ್ ಆದರೂ ಇರಬೇಕು, ಬೇರೆ ದಾರಿಗಳೂ ನಮ್ಮಂಥವರಿಗೆ ಸುಲಭವಲ್ಲ. ಸೈಟು, ಚಿನ್ನ ಎಲ್ಲ ನಿನಗೇ ಬಿಟ್ಟದ್ದು.

ನನಗೆ ಹೇಳಬೇಕಾದದ್ದು ಬೇರೆ. ನಮ್ಮ ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು ಒಬ್ಬರು, ಬ್ರಹ್ಮಾವರ ಕಡೆಯವರು. ನಾವೆಲ್ಲ ಮಾಮ ಅಂತಲೇ ಕರೆಯುತ್ತಿದ್ದೆವು. ಒಂದು ಬೋಲ್ಟು ಬೇಕಾದರೂ ಇಂಜಿನಿಯರುಗಳು ಅವರ ಮೇಜಿನ ಮುಂದೆ ನಿಲ್ಲಬೇಕಿತ್ತು. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋದರು. ಮೊದಲ ತಿಂಗಳು ಮನೆ ತುಂಬ ನೆಂಟರು. ಆಮೇಲೆ ಶುರುವಾಯಿತು. ತೋಟದ ವಿಷಯ ಬಾಯಿ ತೆಗೆದರೆ ತಮ್ಮ "ನಿನಗೆ ಗೊತ್ತಾಗುವುದಿಲ್ಲ, ಕೂತುಕೋ" ಅನ್ನುತ್ತಿದ್ದ. ದೇವಸ್ಥಾನದ ಜೀರ್ಣೋದ್ಧಾರದ ಕಲ್ಲಿನಲ್ಲಿ ಅವರ ಹೆಸರು ಮೇಲೆಯೇ ಇದೆ, ಸಮಿತಿಯ ಸಭೆಗೆ ಮಾತ್ರ ಕರೆ ಇಲ್ಲ. ಹೆಂಡತಿ ಅಷ್ಟು ವರ್ಷ ಒಬ್ಬರೇ ಬ್ಯಾಂಕು, ಕರೆಂಟು ಬಿಲ್ಲು, ಮಕ್ಕಳ ಶಾಲೆ, ಅತ್ತೆಯ ಕಾಯಿಲೆ ಎಲ್ಲ ನಿಭಾಯಿಸಿದವರು. ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬ ಗಂಡಸು ಚಾವಡಿಯಲ್ಲಿ ಕೂತು "ಎಲ್ಲಿಗೆ ಹೊರಟೆ" ಅಂತ ಕೇಳುವುದು ಅವರಿಗೂ ಹೊಸತು, ಅಲ್ವಾ. ಯಾರದ್ದೂ ತಪ್ಪಲ್ಲ. ತಾನಿಲ್ಲದೆ ಎಲ್ಲ ಸರಿಯಾಗಿ ನಡೆಯಲಿ ಅಂತ ತಿಂಗಳು ತಿಂಗಳು ದುಡ್ಡು ಕಳಿಸಿದವರು ಅವರೇ. ಅದು ಹಾಗೇ ನಡೆಯುತ್ತಿತ್ತು.

ಒಂದು ಮಳೆಗಾಲ ಕಳೆಯುವುದರೊಳಗೆ ವಿಸಿಟ್ ವೀಸಾದಲ್ಲಿ ಮಗನ ಫ್ಲಾಟಿಗೆ ವಾಪಸ್ ಬಂದರು. ಗೋದಾಮಿಗೂ ಬಂದಿದ್ದರು. ಗೇಟಿನಲ್ಲಿ ಹೊಸ ಸೆಕ್ಯುರಿಟಿ ಹುಡುಗ "ಯಾರನ್ನು ನೋಡಬೇಕು" ಅಂತ ಕೇಳಿದ. ಅವನಿಗೆ ಏನು ಹೇಳಬೇಕು ಅಂತ ಮಾಮನಿಗೆ ತಿಳಿಯಲಿಲ್ಲ. ನಾನು ಒಳಗಿಂದ ನೋಡಿ ಓಡಿ ಬಂದೆ.

ಅದಕ್ಕೇ ಹೇಳುತ್ತೇನೆ, ರಜೆಯಲ್ಲಿ ಊರಿಗೆ ಹೋದಾಗ ಸುಮ್ನೆ ಮದುವೆ ಊಟ, ಚಾಕಲೇಟು ಹಂಚುವುದು ಅಂತ ಮುಗಿಸಬೇಡ. ಮಳೆಗಾಲಕ್ಕೆ ಹೋದರೆ ಅಡಿಕೆಗೆ ಕೊಳೆರೋಗದ ಬೋರ್ಡೋ ಮದ್ದು ಹೊಡೆಯುವ ದಿನ ತೋಟದಲ್ಲಿ ನಿಲ್ಲು. ಹಾಲಿನ ಸೊಸೈಟಿಗೆ ಹೋಗು, ಗ್ರಾಮಸಭೆ ಇದ್ದರೆ ಹಿಂದಿನ ಬೆಂಚಿನಲ್ಲಿ ಕೂತುಕೋ. ಅಣ್ಣತಮ್ಮಂದಿರ ಜೊತೆ ಜಗಳ ಆದರೂ ಪರವಾಗಿಲ್ಲ, ನೀನೂ ಲೆಕ್ಕದಲ್ಲಿದ್ದೀಯ ಅಂತ ಗೊತ್ತಾಗುತ್ತದೆ. ಇಲ್ಲಿಯೂ ಕೆಲಸದ ಆಚೆ ಒಂದು ಹಿಡಿದುಕೋ. ದುಬೈಯಲ್ಲಿ ಮಕ್ಕಳಿಗೆ ಪುಕ್ಕಟೆ ಕನ್ನಡ ಕಲಿಸುವ ಪಾಠಶಾಲೆ ಇದೆ, ಯಕ್ಷಗಾನದ ತರಗತಿಗಳಿವೆ. ನಾನು ಪರಿಚಯದ ಮನೆಗಳ ಮಕ್ಕಳಿಗೆ ಒತ್ತಕ್ಷರ ಕಲಿಸುತ್ತೇನೆ. ಗೋದಾಮಿನಲ್ಲಿ ಯಾರೂ ನನ್ನನ್ನು ಸಾರ್ ಅನ್ನುವುದಿಲ್ಲ, ಆ ಮಕ್ಕಳು ಅನ್ನುತ್ತಾರೆ. ಸ್ವಲ್ಪ ಜಂಬ ಅಂತಲೇ ಇಟ್ಟುಕೋ.

ಮದುವೆಯಾದ ಮೇಲೆ ಹೆಂಡತಿಯನ್ನು ಊರಲ್ಲೇ ಬಿಡುವುದಾದರೆ, ನೀನು ವಾಪಸ್ ಬಂದಾಗ ದಿನಚರಿ ಹೇಗಿರಬೇಕು ಅಂತ ಅವಳ ಹತ್ತಿರ ಮೊದಲೇ ಮಾತಾಡು. ನನಗೂ ಇನ್ನು ಜಾಸ್ತಿ ವರ್ಷ ಇಲ್ಲ. ಊರಿಗೇ ಹೋಗುವುದು ಅಂತ ಗಟ್ಟಿ ಮಾಡಿದ್ದೇನೆ. ಇವಳನ್ನು ಕೇಳಿದರೆ "ಬನ್ನಿ, ಆದರೆ ಅಡುಗೆಮನೆಗೆ ಬಂದು ಲೆಕ್ಕ ಕೇಳಬಾರದು" ಅಂತಾಳೆ. ಮಾತುಕತೆ ಇನ್ನೂ ನಡೆಯುತ್ತಿದೆ.