ಕಾಂತ ಚಿಕಿತ್ಸೆಯ ಗುಣ ಎಷ್ಟು ಕಾಲ ಉಳಿಯುತ್ತದೆ?

ಪ್ರಶ್ನೆ: ಮಾನ್ಯ ಡಾಕ್ಟರಿಗೆ ನಮಸ್ಕಾರಗಳು. ನನ್ನ ಹೆಂಡತಿಗೆ 46 ವರ್ಷ. ಹದಿನೈದು ವರ್ಷಗಳಲ್ಲಿ ಮೂರು ಸಲ ತೀವ್ರ ಖಿನ್ನತೆ ಬಂದಿದೆ. ಮೂರನೆಯ ಸಲ ಎರಡು ಬಗೆಯ ಮಾತ್ರೆ ಕೊಟ್ಟರೂ ಗುಣ ಕಾಣದಿದ್ದಾಗ ಟಿಎಂಎಸ್ ಎಂಬ ಕಾಂತ ಚಿಕಿತ್ಸೆಯನ್ನು ಆರು ವಾರಗಳಲ್ಲಿ 30 ಸಲ ಕೊಡಿಸಿದೆವು. ಈಗ ನಾಲ್ಕು ತಿಂಗಳಾಯಿತು. ಮೊದಲಿನಂತೆ ಅಡುಗೆ ಮಾಡುತ್ತಾಳೆ, ಮಕ್ಕಳೊಡನೆ ನಗುತ್ತಾಳೆ. ಆದರೆ ಕಳೆದ ವಾರ ಎರಡು ರಾತ್ರಿ ನಿದ್ದೆ ಬರಲಿಲ್ಲವೆಂದಳು; ಅಂದಿನಿಂದ ನನಗೆ ಭಯ. ಈ ಗುಣ ಎಷ್ಟು ಕಾಲ ಉಳಿಯುತ್ತದೆ? ಮಿದುಳಿಗೇ ಚಿಕಿತ್ಸೆಯಾದ ಮೇಲೆ ಮಾತ್ರೆ ಏಕೆ ಎಂದು ನಮ್ಮ ಅತ್ತಿಗೆ ಕೇಳುತ್ತಾರೆ. ನಿಲ್ಲಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದು ತುರ್ತಿನದು. ಮಾತ್ರೆಯನ್ನು ದಯವಿಟ್ಟು ನೀವಾಗಿ ನಿಲ್ಲಿಸಬೇಡಿ.

ಟಿಎಂಎಸ್‌ನಲ್ಲಿ ತಲೆಯ ಮೇಲಿರಿಸಿದ ಸುರುಳಿಯೊಂದು ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡಿ, ಅದರ ಮೂಲಕ ಮಿದುಳಿನ ಮುಂಭಾಗದಲ್ಲಿ, ಸಾಮಾನ್ಯವಾಗಿ ಎಡಬದಿಯಲ್ಲಿ, ನರಕೋಶಗಳನ್ನು ಪ್ರಚೋದಿಸುತ್ತದೆ. ವಾರಗಟ್ಟಲೆ ಹೀಗೆ ಮಾಡಿದಾಗ ಆ ಕೋಶಗಳ ನಡುವಣ ಸಂಪರ್ಕಗಳ ಬಲ ಬದಲಾಗುತ್ತದೆ. ಯಂತ್ರ ನಿಂತ ಮೇಲೂ ಗುಣ ಉಳಿಯುವುದಕ್ಕೆ ಇದೇ ಕಾರಣವೆಂದು ತಿಳಿಯಲಾಗಿದೆ. ಆದರೆ ಆ ಬದಲಾವಣೆ ಶಾಶ್ವತವಲ್ಲ, ಮತ್ತೆ ಮತ್ತೆ ಬರುವ ಖಿನ್ನತೆಯ ಸ್ವಭಾವವನ್ನು ಅದು ಅಳಿಸಿಹಾಕುವುದೂ ಇಲ್ಲ. ನಿಮ್ಮ ಅತ್ತಿಗೆಯವರ ಮಾತು ಪ್ರೀತಿಯಿಂದ ಬಂದದ್ದೇ ಆದರೂ ತಪ್ಪುವುದು ಇಲ್ಲಿಯೇ.

ಈಗ ನಿಮ್ಮ ಮೊದಲ ಪ್ರಶ್ನೆ. ಟಿಎಂಎಸ್‌ನಿಂದ ಗುಣ ಕಂಡವರನ್ನು ಹಿಂಬಾಲಿಸಿದ 19 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮೂರು ತಿಂಗಳ ನಂತರ ಸುಮಾರು ಮೂರರಲ್ಲಿ ಇಬ್ಬರಲ್ಲಿ, ಆರು ತಿಂಗಳ ನಂತರ ಅರ್ಧಕ್ಕಿಂತ ತುಸು ಹೆಚ್ಚು ಮಂದಿಯಲ್ಲಿ, ಒಂದು ವರ್ಷದ ನಂತರ ಶೇ. 46ರಷ್ಟು ಮಂದಿಯಲ್ಲಿ ಆ ಗುಣ ಉಳಿದಿತ್ತು. ಈ ಸಂಖ್ಯೆಗಳನ್ನು ನೋಡಿ ಎದೆಗುಂದಬೇಡಿ. ಇವರಲ್ಲಿ ಬಹುಪಾಲು ಮಂದಿ ನಿಮ್ಮ ಪತ್ನಿಯವರಂತೆಯೇ ಮಾತ್ರೆಗಳಿಗೆ ಬಗ್ಗದ ಖಿನ್ನತೆಯಿಂದ ಬಳಲಿದವರು. ಅಂಥವರಲ್ಲಿ ಒಂದು ವರ್ಷದ ನೆಮ್ಮದಿ ಸಣ್ಣದಲ್ಲ.

ಮಾತ್ರೆಯ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಪಾಠ ಸಿಕ್ಕಿರುವುದು ಟಿಎಂಎಸ್‌ನಿಂದಲ್ಲ, ಜನ ಶಾಕ್ ಟ್ರೀಟ್‌ಮೆಂಟ್ ಎಂದು ಕರೆಯುವ ಇಸಿಟಿಯಿಂದ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಸಿಟಿಯಿಂದ ಚೇತರಿಸಿಕೊಂಡವರನ್ನು ಮೂರು ಗುಂಪು ಮಾಡಿ 24 ವಾರ ಗಮನಿಸಲಾಯಿತು. ಔಷಧದ ಅಂಶವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ. 84 ಮಂದಿಗೆ ಖಿನ್ನತೆ ಮರುಕಳಿಸಿತು. ಖಿನ್ನತೆಯ ಔಷಧವಾದ ನಾರ್‌ಟ್ರಿಪ್ಟಿಲಿನ್ ಒಂದನ್ನೇ ಪಡೆದವರಲ್ಲಿ ಅದು ಶೇ. 60, ಅದರ ಜೊತೆ ಮನಸ್ಥಿತಿಯನ್ನು ಸ್ಥಿರವಾಗಿಡುವ ಲಿಥಿಯಂ ಕೂಡ ಪಡೆದವರಲ್ಲಿ ಶೇ. 39. ಇಸಿಟಿ ಬೇರೆ, ಟಿಎಂಎಸ್ ಬೇರೆ, ನಿಜ. ಆದರೂ ಗುಣ ತಂದುಕೊಡುವುದು ಒಂದು ಕೆಲಸ, ಅದನ್ನು ಕಾಯುವುದು ಇನ್ನೊಂದು ಕೆಲಸ ಎಂಬುದನ್ನು ಇದಕ್ಕಿಂತ ಬಲವಾಗಿ ತೋರಿಸುವ ಪುರಾವೆ ನನಗೆ ಕಂಡಿಲ್ಲ. ಮೂರು ಸಲ ಖಿನ್ನತೆ ಬಂದವರಿಗೆ ಚೇತರಿಕೆಯ ನಂತರವೂ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಔಷಧ ಮುಂದುವರಿಸುವುದು ರೂಢಿ. ಯಾವ ಮಾತ್ರೆ, ಎಷ್ಟು ಪ್ರಮಾಣ ಎಂಬುದನ್ನು ನಿಮ್ಮ ಪತ್ನಿಯವರನ್ನು ನೋಡುತ್ತಿರುವ ಮನೋವೈದ್ಯರೇ ನಿರ್ಧರಿಸಬೇಕು.

ಒಂದು ವೇಳೆ ಮರುಕಳಿಸಿದರೆ? ಚಿಕಿತ್ಸೆ ಸೋತಿತೆಂದೋ, ಕೊಟ್ಟ ಹಣ ವ್ಯರ್ಥವಾಯಿತೆಂದೋ, ಎಲ್ಲಕ್ಕಿಂತ ಮಿಗಿಲಾಗಿ ಅವರು ಮನಸ್ಸು ಗಟ್ಟಿ ಮಾಡಿಕೊಳ್ಳಲಿಲ್ಲವೆಂದೋ ಯಾರೂ ಹೇಳಬಾರದು. ಮೊದಲ ಸಲ ಟಿಎಂಎಸ್‌ಗೆ ಸ್ಪಂದಿಸಿದವರನ್ನು ಆರು ತಿಂಗಳು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಲಕ್ಷಣಗಳು ಮತ್ತೆ ಹೆಚ್ಚತೊಡಗಿದ 38 ಮಂದಿಗೆ ಪುನಃ ಟಿಎಂಎಸ್ ಕೊಟ್ಟಾಗ 32 ಮಂದಿ ಸುಧಾರಿಸಿದರು. ಆದ್ದರಿಂದ ನಿಮ್ಮ ವೈದ್ಯರನ್ನು ಕೇಳಬೇಕಾದದ್ದು, ಲಕ್ಷಣ ಕಂಡೊಡನೆ ಕೆಲವು ಸಲ ಮರುಚಿಕಿತ್ಸೆ ಕೊಡುವ ಏರ್ಪಾಡು ಇದೆಯೇ, ಅದಕ್ಕೆ ಎಷ್ಟು ಖರ್ಚು ಎಂಬುದು. ಗುಣವಾಗಿರುವಾಗಲೇ ಮುನ್ನೆಚ್ಚರಿಕೆಯಾಗಿ ತಿಂಗಳಿಗೊಮ್ಮೆ ಕೊಡುವ ಪದ್ಧತಿಯೂ ಉಂಟು. ಆದರೆ ಎಷ್ಟು ದಿನಕ್ಕೊಮ್ಮೆ ಕೊಡಬೇಕೆಂಬುದರಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲ. ಸಾಲ ಮಾಡಿಯಾದರೂ ಅದನ್ನು ಮಾಡಿಸಲೇಬೇಕೆಂದು ನಾನು ಹೇಳುವುದಿಲ್ಲ.

ಎರಡು ರಾತ್ರಿ ನಿದ್ದೆ ಬಾರದಿರುವುದಷ್ಟೇ ಮರುಕಳಿಕೆಯಲ್ಲ. ಆದರೆ ಹಿಂದಿನ ಮೂರು ಸಲವೂ ಆರಂಭ ಹೀಗೆಯೇ ಆಗಿತ್ತೇ ಎಂದು ಅವರನ್ನೇ ಕೇಳಿ ನೋಡಿ. ಬಹಳ ಮಂದಿಯಲ್ಲಿ ಪ್ರತಿ ಸಲವೂ ಅವೇ ಒಂದೆರಡು ಲಕ್ಷಣಗಳು ಮೊದಲು ಕಾಣಿಸಿಕೊಳ್ಳುತ್ತವೆ. ನಿದ್ದೆ, ಊಟ, ಮಾತುಕತೆಯ ಆಸಕ್ತಿ, ಇವನ್ನು ದಿನವೂ ಒಂದು ಸಾಲಿನಲ್ಲಿ ಬರೆದಿಡಲು ಅವರಿಗೇ ಹೇಳಿ. ನೀವು ಕಾವಲುಗಾರನಂತೆ ಗಮನಿಸುತ್ತಿದ್ದೀರೆಂದು ಅನ್ನಿಸಿದರೆ ಅವರು ಮುಚ್ಚಿಡಲು ತೊಡಗುತ್ತಾರೆ. ನಿದ್ರಾಹೀನತೆ ಇನ್ನೂ ಮುಂದುವರಿದಿದ್ದರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಈ ವಾರವೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಬದುಕುವುದೇ ಬೇಡವೆಂಬ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ. ಹಗಲು ರಾತ್ರಿ ಯಾವಾಗ ಬೇಕಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ.