ಪ್ಲಸ್ ಟು ಮಗಳಿಗೆ ಎನ್‌ಡಿಎ ಆಸೆ

ನಮಸ್ಕಾರ ಅಕ್ಕ. ಕುಂಬಳೆಯಲ್ಲಿ ಪ್ಲಸ್ ಟು ಓದುವ ಮಗಳು ಎನ್‌ಡಿಎಗೆ (ಸೇನಾ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹೋಗ್ತೇನೆ ಅಂತಾಳೆ, ಅಷ್ಟು ಹುಡುಗರ ನಡುವೆ ಒಂಟಿಯಾಗ್ತಾಳಾ ಅಂತ ಕೇಳಿದ್ದೀರಿ. ಒಂಟಿಯಾಗುವುದಿಲ್ಲ. ಆದರೆ ಹುಡುಗಿಯರು ಕಡಿಮೆ ಇರುವುದು ನಿಜ. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆಯೇ ಅವರು ಎನ್‌ಡಿಎ ಪ್ರವೇಶ ಪರೀಕ್ಷೆ ಬರೆಯುವಂತಾದದ್ದು. ಮೊದಲ ಬ್ಯಾಚಿಗೆ ಇಟ್ಟದ್ದೇ 19 ಸೀಟು. 2025ರ ಮೇ ತಿಂಗಳಲ್ಲಿ 17 ಮಂದಿ ತರಬೇತಿ ಮುಗಿಸಿದರು, ಜೊತೆಗಿದ್ದ ಹುಡುಗರು 300ಕ್ಕೂ ಜಾಸ್ತಿ. ಸೀಟೇ ಇಷ್ಟು ಇಟ್ಟು ಹುಡುಗಿಯರು ಬರುವುದಿಲ್ಲ ಅನ್ನುವುದು ಅನ್ಯಾಯ ಅಲ್ವಾ?

ನನಗೆ ಜಾಸ್ತಿ ಚಿಂತೆ ಭಾಷೆಯದ್ದು. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಮಗಳು ಕನ್ನಡ ಮಾಧ್ಯಮದವಳಾದರೆ ಗಣಿತದ ಪದಗಳನ್ನು ಈಗಲೇ ರೂಢಿ ಮಾಡಿಸಿ. ನನ್ನ ತಂಗಿಯ ಮಗಳು ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಎಡಗಡೆ ‘ಸದಿಶ’, ಬಲಗಡೆ ‘ವೆಕ್ಟರ್’. ದಿನಕ್ಕೆ ಹತ್ತು ಪದ, ಬಸ್ಸಿಗೆ ಕಾಯುವಾಗಲೂ ತೆಗೆದು ಓದುತ್ತಾಳೆ.

ಹುಡುಗಿಯರಿಗೆ ಅರ್ಜಿ ಶುಲ್ಕ ಇಲ್ಲ. ವರ್ಷಕ್ಕೆ ಎರಡು ಸಲ ಪರೀಕ್ಷೆ. ಆದರೆ ಹತ್ತೊಂಬತ್ತೂವರೆ ದಾಟಿದರೆ ಆಗುವುದಿಲ್ಲ, ತಡ ಮಾಡಬೇಡಿ.

ಒಂದು ಸಲ ರೈಲಿನಲ್ಲಿ ಪಯ್ಯನ್ನೂರಿಗೆ ಕರೆದುಕೊಂಡು ಹೋಗಿ ಏಳಿಮಲ ಗುಡ್ಡ ತೋರಿಸಿ. ನೌಕಾಪಡೆಯ ಅಕಾಡೆಮಿ ಇರುವುದು ಅಲ್ಲೇ. ಅಲ್ಲೂ ಹುಡುಗಿಯರು ತರಬೇತಿ ಪಡೆಯುತ್ತಿದ್ದಾರೆ.