ಮೊಡವೆಗೆ ಮೆಡಿಕಲ್ ಶಾಪ್‌ನಲ್ಲಿ ಯಾವ ಕ್ರೀಮ್ ತಗೊಳ್ಳಬೇಕು?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು ಇಪ್ಪತ್ತು, ಹಾಸ್ಟೆಲ್ ವಾಸ, ಎರಡು ವರ್ಷದಿಂದ ಹಣೆ, ಕೆನ್ನೆ ತುಂಬ ಮೊಡವೆ. ರೂಮ್‌ಮೇಟ್ ಕೊಟ್ಟ ಕ್ರೀಮ್ ಹಚ್ಚಿದಾಗ ಒಂದೇ ವಾರದಲ್ಲಿ ಮುಖ ನುಣುಪಾಯಿತು, ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ ಬಂತು. ಈಗ ಅದಕ್ಕಿಂತ ಸ್ಟ್ರಾಂಗ್ ಆಗಿರುವ ಕ್ರೀಮ್ ಯಾವುದು, ಜೊತೆಗೆ ಫೇಸ್‌ವಾಶ್ ಯಾವುದು ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಬಿ.ಫಾರ್ಮ ಮುಗಿಸಿ ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನೋಡಿಕೊಳ್ಳುತ್ತೇನೆ. ಕಾಲೇಜುಗಳು ಜಾಸ್ತಿ ಇರುವ ಊರು. ಸಂಜೆ ಆಯಿತೆಂದರೆ ಮುಖದ ಕ್ರೀಮ್ ಕೇಳಿಕೊಂಡು ಹುಡುಗ ಹುಡುಗಿಯರು ಬರುತ್ತಾರೆ. ಎಷ್ಟೋ ಜನಕ್ಕೆ ಹೆಸರು ನೆನಪಿರುವುದಿಲ್ಲ. ಬುಡದಿಂದ ಸುತ್ತಿ ಸುತ್ತಿ ಕೊನೇ ಹನಿವರೆಗೂ ಹಿಂಡಿದ ಖಾಲಿ ಟ್ಯೂಬನ್ನೇ ಕೌಂಟರ್ ಮೇಲೆ ಇಟ್ಟು, "ಮೇಡಂ, ಇದೇ ಕೊಡಿ, ನನಗೆ ಇದು ಸೆಟ್ ಆಗುತ್ತೆ" ಅನ್ನುತ್ತಾರೆ.

ಆ ಸುರುಳಿ ಬಿಡಿಸಿ ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಬೆಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್, ಫ್ಲುಸಿನೊಲೋನ್. ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್ ಕ್ರೀಮ್. ನಿಮ್ಮ ರೂಮ್‌ಮೇಟ್ ಕೊಟ್ಟಿದ್ದೂ ಇದೇ ಜಾತಿಯದ್ದು ಅಂತ ನನ್ನ ಅನುಮಾನ. ಹಚ್ಚಿದಾಗ ಬೇಗ ನುಣುಪಾಗಿ ಬೆಳ್ಳಗಾಗುವುದು, ಬಿಟ್ಟಾಗ ಕೆಂಪಗಾಗಿ ಉರಿದು ಗುಳ್ಳೆ ಏಳುವುದು, ಅದರ ಲಕ್ಷಣವೇ ಅದು. ಸ್ಟೀರಾಯ್ಡ್ ಊತವನ್ನೂ ಕೆಂಪನ್ನೂ ಅಡಗಿಸುತ್ತದೆ, ಅಷ್ಟೇ. ಮೊಡವೆಯ ಬುಡ ಹಾಗೇ ಉಳಿಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಸಣ್ಣ ಸಣ್ಣ ರಕ್ತನಾಳ ಕಾಣಿಸುತ್ತವೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ, ಸ್ಟೀರಾಯ್ಡ್‌ನಿಂದಲೇ ಹೊಸ ಮೊಡವೆ ಬರುತ್ತವೆ. ಸ್ಟೀರಾಯ್ಡ್ ಜೊತೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಅನ್ನುವ ಔಷಧಿ ಸೇರಿಸಿದ ಮಿಶ್ರಣದ ಕ್ರೀಮೂ ಇದೆ. ಬಂಗಿಗೆ, ಅಂದರೆ ಮುಖದ ಮೇಲಿನ ಕಂದು ಮಚ್ಚೆಗೆ, ಡಾಕ್ಟರು ಕೆಲವು ವಾರ ಅಂತ ಬರೆಯುವ ಔಷಧಿ ಅದು. ನಮ್ಮ ಜನ ಅದನ್ನು ಬೆಳ್ಳಗಾಗುವ ಕ್ರೀಮ್ ಅಂತ ವರ್ಷಗಟ್ಟಲೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಸಿಗುತ್ತದೆ. ನನ್ನ ಕಸುಬಿನವರೇ ಕೊಡುತ್ತಾರೆ, ಸುಳ್ಳು ಯಾಕೆ ಹೇಳಲಿ.

ನೀವು ಒಂದು ವಾರ ಹಚ್ಚಿ ಬಿಟ್ಟಾಗಿದೆ, ಮತ್ತೆ ಮುಟ್ಟಬೇಡಿ. ನಿಮ್ಮ ರೂಮ್‌ಮೇಟ್ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಅವರು ಒಮ್ಮೆಲೇ ನಿಲ್ಲಿಸದೆ ಚರ್ಮದ ಡಾಕ್ಟರನ್ನು ಕೇಳಿ ಬಿಡಲಿ. ಇಲ್ಲದಿದ್ದರೆ ಮುಖ ಜೋರಾಗಿ ಕೆರಳುತ್ತದೆ.

ಇನ್ನು ಯಾವುದು ಹಚ್ಚಬೇಕು ಅನ್ನೋದು. ಇವತ್ತು ಕನ್ನಡಿಯಲ್ಲಿ ಕಾಣುವ ಮೊಡವೆ ಒಳಗೆ ಶುರುವಾಗಿದ್ದು ವಾರಗಳ ಹಿಂದೆ. ಚರ್ಮದ ಜಿಡ್ಡು, ಸತ್ತ ಚರ್ಮದ ಕಣ ಸೇರಿ ರಂಧ್ರ ಮುಚ್ಚಿಕೊಳ್ಳುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆಮೇಲೆ ಊದಿಕೊಳ್ಳುತ್ತದೆ. ಆದ್ದರಿಂದ ನಿಜವಾದ ಔಷಧಿ ನಾಲ್ಕು ದಿನದಲ್ಲಿ ಏನೂ ತೋರಿಸುವುದಿಲ್ಲ. ಎಂಟರಿಂದ ಹನ್ನೆರಡು ವಾರ ಬೇಕು. ಇಷ್ಟು ಕಾಯಲು ತಯಾರಿಲ್ಲದಿದ್ದರೆ ದುಡ್ಡು ಖರ್ಚು ಮಾಡಬೇಡಿ ಅಂತ ನಾನು ಕೌಂಟರ್‌ನಲ್ಲೇ ಹೇಳಿಬಿಡುತ್ತೇನೆ.

ರಂಧ್ರ ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವುದು ಅಡಾಪಲೀನ್ 0.1% ಜೆಲ್. ಅಮೆರಿಕದಲ್ಲಿ 2016ರಿಂದ ಇದು ಚೀಟಿ ಇಲ್ಲದೆ ಸಿಗುತ್ತದೆ. ಇಲ್ಲಿ ಒಮ್ಮೆ ಡಾಕ್ಟರಿಗೆ ಮುಖ ತೋರಿಸಿ ಬರೆಸಿಕೊಳ್ಳಿ. ಹಚ್ಚುವ ರೀತಿಯಲ್ಲೇ ತುಂಬ ಜನ ಎಡವುತ್ತಾರೆ. ರಾತ್ರಿ ಮುಖ ತೊಳೆದು ಪೂರ್ತಿ ಒಣಗಲು ಬಿಡಿ. ಬೆರಳ ತುದಿಗೆ ಒಂದು ಬಟಾಣಿ ಕಾಳಿನಷ್ಟು ತಗೊಳ್ಳಿ, ಇಡೀ ಮುಖಕ್ಕೆ ಅಷ್ಟೇ. ಹಣೆ, ಎರಡು ಕೆನ್ನೆ, ಮೂಗು, ಗದ್ದಕ್ಕೆ ಒಂದೊಂದು ಚುಕ್ಕೆ ಇಟ್ಟು ತೆಳ್ಳಗೆ ಹರಡಿ. ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದರೆ ಬೇಗ ವಾಸಿಯಾಗಲ್ಲ, ಚರ್ಮ ಸುಲಿಯುತ್ತದೆ ಅಷ್ಟೇ. ಕಣ್ಣಿನ ಸುತ್ತ, ಮೂಗಿನ ಸಂದಿ, ತುಟಿಯ ಮೂಲೆ ಬಿಟ್ಟು ಹಚ್ಚಿ. ಮೊಡವೆ ಇರುವ ಕಡೆ ಮಾತ್ರ ಇಟ್ಟರೆ ಪ್ರಯೋಜನ ಕಡಿಮೆ, ಯಾಕೆಂದರೆ ಮುಂದಿನದು ಎಲ್ಲಿ ಏಳುತ್ತದೋ ನಿಮಗೆ ಗೊತ್ತಿಲ್ಲವಲ್ಲ.

ಮೊದಲ ಎರಡು ವಾರ ದಿನ ಬಿಟ್ಟು ದಿನ ಸಾಕು. ಈ ಹೊತ್ತಿನಲ್ಲಿ ಮುಖ ಒಣಗುತ್ತದೆ, ಸಿಪ್ಪೆ ಏಳುತ್ತದೆ, ಸ್ವಲ್ಪ ಉರಿಯುತ್ತದೆ, ಕೆಲವರಿಗೆ ಮೊಡವೆ ಜಾಸ್ತಿಯಾದಂತೆ ಕಾಣುತ್ತದೆ. ಸರಿಯಾಗಿ ಇದೇ ಹಂತದಲ್ಲಿ "ಇದು ನನಗೆ ಆಗಿ ಬರಲ್ಲ" ಅಂತ ಮುಕ್ಕಾಲು ತುಂಬಿದ ಟ್ಯೂಬನ್ನು ಹಿಡಿದುಕೊಂಡು ವಾಪಸ್ ಬರುತ್ತಾರೆ. ಬಿಡಬೇಡಿ. ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಜೆಲ್ ಹಚ್ಚಿದರೆ ಉರಿ ಕಡಿಮೆ. ಮುಖ ಊದಿಕೊಂಡರೆ, ತಡೆಯಲಾರದಷ್ಟು ಉರಿದರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಗರ್ಭಿಣಿಯರು ಇದನ್ನು ಹಚ್ಚಬಾರದು.

ಬೆಳಗ್ಗೆ ಹೊತ್ತಿಗೆ ಬೆಂಜಾಯ್ಲ್ ಪೆರಾಕ್ಸೈಡ್. 2.5% ಸಾಕು. 10% ತಗೊಂಡರೆ ಗುಣ ಅಷ್ಟೇ, ಉರಿ ಮಾತ್ರ ಜಾಸ್ತಿ. ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವ ಭಯವಿಲ್ಲ. ಒಂದು ತೊಂದರೆ ಇದೆ: ಬಟ್ಟೆಯ ಬಣ್ಣ ತಿನ್ನುತ್ತದೆ. ನೀಲಿ ಟವೆಲ್‌ನಲ್ಲಿ ಮುಖ ಒರೆಸಿದರೆ ಕೆಲವು ದಿನದಲ್ಲಿ ಕಿತ್ತಳೆ, ಬಿಳಿ ಮಚ್ಚೆ ಕಾಣುತ್ತವೆ. ಸಾಬೂನು ಹಾಕಿ ಎಷ್ಟು ಉಜ್ಜಿದರೂ ಹೋಗಲ್ಲ, ಅದು ಕೊಳೆಯಲ್ಲ, ಬಣ್ಣವೇ ಹೋಗಿರುವುದು. ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಇಟ್ಟುಕೊಳ್ಳಿ.

ಕ್ಲಿಂಡಾಮೈಸಿನ್ ಜೆಲ್ ಕೇಳುವವರೂ ತುಂಬ ಜನ. ಅದು ಆಂಟಿಬಯೋಟಿಕ್. ಅದೊಂದನ್ನೇ ತಿಂಗಳಾನುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗೆ ಆಗುತ್ತದೆ. ಬೆಂಜಾಯ್ಲ್ ಪೆರಾಕ್ಸೈಡ್ ಜೊತೆಗೇ ಬಳಸಬೇಕು.

ಫೇಸ್‌ವಾಶ್ ಬಗ್ಗೆ ಇಷ್ಟೇ ಹೇಳುತ್ತೇನೆ: ಜಾಹೀರಾತಿನಲ್ಲಿ ತೋರಿಸುವಷ್ಟು ಕೆಲಸ ಅದಕ್ಕಿಲ್ಲ. ಒಂದು ನಿಮಿಷ ಮುಖದ ಮೇಲಿದ್ದು ನೀರಲ್ಲಿ ಹೋಗುವ ವಸ್ತು. ಚರ್ಮ ಬಿಗಿಯಾಗದ ಯಾವುದಾದರೂ ಸಾದಾ ಫೇಸ್‌ವಾಶ್, ದಿನಕ್ಕೆ ಎರಡು ಸಲ. ಜಿಡ್ಡು ಜಾಸ್ತಿ ಇದ್ದರೆ ಸ್ಯಾಲಿಸಿಲಿಕ್ ಆಸಿಡ್ ಇರುವುದು ತಗೊಳ್ಳಬಹುದು. ಬ್ಲ್ಯಾಕ್‌ಹೆಡ್ ಕಪ್ಪಗಿರುವುದು ಕೊಳೆಯಿಂದಲ್ಲ, ಹಾಗಾಗಿ ಸ್ಕ್ರಬ್ ಹಾಕಿ ತಿಕ್ಕಿದರೆ ಹೋಗಲ್ಲ. ಜಿಡ್ಡು ಮುಖಕ್ಕೂ ಮಾಯಿಶ್ಚರೈಸರ್ ಬೇಕು, ಡಬ್ಬದ ಮೇಲೆ ನಾನ್‌ಕಾಮೆಡೋಜೆನಿಕ್ (ರಂಧ್ರ ಮುಚ್ಚದ್ದು) ಅಂತ ಬರೆದಿರುವುದು ನೋಡಿ.

ಹಣೆಯ ಮೊಡವೆ ಅಂದಿರಲ್ಲ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿಯಿಡೀ ಮಲಗುತ್ತೀರಾ? ಎಣ್ಣೆ ಹಣೆಗೆ ಇಳಿದು ರಂಧ್ರ ಮುಚ್ಚುತ್ತದೆ. ಅಜ್ಜಿ ಬೈದರೂ ಪರವಾಗಿಲ್ಲ, ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ. ಅದೇ ಹಣೆಯ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಒತ್ತೊತ್ತಾಗಿ ಎದ್ದು ತುರಿಸುತ್ತಿದ್ದರೆ ಅದು ಫಂಗಸ್‌ನಿಂದ ಆಗಿರಬಹುದು. ಅದಕ್ಕೆ ಔಷಧಿ ಬೇರೆ.

ಜಾಯಿಕಾಯಿ ತೇಯ್ದು ಹಚ್ಚಿ, ಕಡಲೆಹಿಟ್ಟು ಹಚ್ಚಿ ಅಂತ ಮನೆಯಲ್ಲಿ ಹೇಳುತ್ತಾರೆ. ಚರ್ಮಕ್ಕೆ ಉರಿ ಆಗದಿದ್ದರೆ ನಿಮ್ಮಿಷ್ಟ, ಆದರೆ ಅದರ ಮೇಲೆ ನಂಬಿಕೆ ಇಟ್ಟು ಔಷಧಿ ಬಿಡಬೇಡಿ. ನಿಂಬೆರಸ, ಟೂತ್‌ಪೇಸ್ಟ್ ಮಾತ್ರ ಖಂಡಿತ ಬೇಡ. ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕಪ್ಪು ಕಲೆ ಬೀಳುತ್ತದೆ. ನಮ್ಮೂರಿನವರು ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ, ಬೆಣ್ಣೆ ದೋಸೆ ಬಿಡಬೇಕಾ ಅಂತ. ದೋಸೆಯ ಬೆಣ್ಣೆ ನೇರವಾಗಿ ಮುಖದಲ್ಲಿ ಬರಲ್ಲ. ಸಿಹಿ, ಮೈದಾ ಜಾಸ್ತಿ ತಿನ್ನುವವರಲ್ಲಿ, ಜಿಮ್‌ಗೆ ಹೋಗಿ ವೇ ಪ್ರೋಟೀನ್ ಕುಡಿಯುವವರಲ್ಲಿ ಕೆಲವರಿಗೆ ಮೊಡವೆ ಏರುತ್ತದೆ. ನಿಮಗೆ ಹಾಗೆ ಅನ್ನಿಸಿದರೆ ಒಂದೆರಡು ತಿಂಗಳು ಕಡಿಮೆ ಮಾಡಿ ನೋಡಿ.

ಮುಟ್ಟಿದರೆ ನೋಯುವ ಗಟ್ಟಿ ಗಂಟುಗಳಿದ್ದರೆ, ಗುಂಡಿ ಬೀಳುತ್ತಿದ್ದರೆ, ಬೆನ್ನು ಎದೆಗೂ ಹಬ್ಬಿದ್ದರೆ ಟ್ಯೂಬಿನಿಂದ ಸಾಲದು. ಚರ್ಮದ ಡಾಕ್ಟರ್ ಹತ್ತಿರ ಹೋಗಿ, ಜಿಲ್ಲಾಸ್ಪತ್ರೆಯಲ್ಲೂ ಚರ್ಮರೋಗದ ಹೊರರೋಗಿ ವಿಭಾಗ ಇರುತ್ತದೆ. ಹುಡುಗಿಯಾಗಿದ್ದು ಮುಟ್ಟು ಸರಿಯಾಗಿ ಬರದೆ, ಗದ್ದದ ಮೇಲೆ ದಪ್ಪ ಕೂದಲು ಬರುತ್ತಿದ್ದರೆ ಪಿಸಿಓಎಸ್ ಅನ್ನುವ ಹಾರ್ಮೋನ್ ತೊಂದರೆ ಇರಬಹುದು, ಅದನ್ನೂ ಹೇಳಿ. ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ತುಂಬ ನೀರಿನ ಜೊತೆ ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಗಂಟಲಿನ ಕೆಳಗೆ ಅಂಟಿಕೊಂಡು ಹುಣ್ಣಾಗುತ್ತದೆ. ಹಾಲು, ಕಬ್ಬಿಣದ ಮಾತ್ರೆ ಜೊತೆಗೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ.

ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಗೆಳೆಯರ ಚೀಟಿ ತೋರಿಸಿ ತಗೊಳ್ಳಲು ಬರುವವರಿದ್ದಾರೆ. ನಾನು ಕೊಡುವುದಿಲ್ಲ. ತುಂಬ ಒಳ್ಳೆಯ ಔಷಧಿ, ಬೇರೆ ಯಾವುದಕ್ಕೂ ಬಗ್ಗದ ಮೊಡವೆ ಇದಕ್ಕೆ ಬಗ್ಗುತ್ತದೆ. ಆದರೆ ಹೆಂಗಸರು ಇದನ್ನು ತಗೊಳ್ಳುವಾಗ ಗರ್ಭ ನಿಂತರೆ ಮಗುವಿಗೆ ಭಾರಿ ಅಂಗವೈಕಲ್ಯ ಆಗಬಹುದು. ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ಧರಿಸಬಾರದು. ಅಷ್ಟು ದಿನ ಗಂಡಸರೂ ಹೆಂಗಸರೂ ರಕ್ತದಾನ ಮಾಡುವಂತಿಲ್ಲ. ಲಿವರ್, ಕೊಬ್ಬಿನಂಶದ ರಕ್ತಪರೀಕ್ಷೆಯನ್ನೂ ಡಾಕ್ಟರು ಮಾಡಿಸುತ್ತಾರೆ.

ಮೊಡವೆ ಹೋದ ಮೇಲೆ ಉಳಿಯುವ ಕಂದು ಕಲೆ ನಮ್ಮ ಬಣ್ಣದ ಚರ್ಮದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬೆಳಗ್ಗೆ ಎಸ್‌ಪಿಎಫ್ 30 ಇರುವ ಜೆಲ್ ಸನ್‌ಸ್ಕ್ರೀನ್ ಹಚ್ಚಿದರೆ ಅದು ಇನ್ನಷ್ಟು ಕಪ್ಪಾಗಲ್ಲ. ಕಲೆಗೆ ಅಜೆಲಾಯಿಕ್ ಆಸಿಡ್ ಬರೆಸಿಕೊಳ್ಳಬಹುದು, ಅದು ಮೊಡವೆಗೂ ಆಗುತ್ತದೆ. ಚಿವುಟಿದರೆ ಕಲೆಯ ಜೊತೆ ಗುಂಡಿಯೂ ಬೀಳುತ್ತದೆ. ಆ ಗುಂಡಿ ತುಂಬುವ ಕ್ರೀಮ್ ನಮ್ಮ ಅಂಗಡಿಯಲ್ಲೂ ಇಲ್ಲ, ಬೇರೆ ಅಂಗಡಿಯಲ್ಲೂ ಇಲ್ಲ. ಅದಕ್ಕೆ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು), ಲೇಸರ್ ಅಂತ ಚಿಕಿತ್ಸೆ ಇವೆ. ಹೊಸ ಮೊಡವೆ ಏಳುವುದು ನಿಂತ ಮೇಲೆ ಅದರ ಬಗ್ಗೆ ಡಾಕ್ಟರನ್ನು ಕೇಳಿ.